ಎಂಟರಲ್ಲಿ ಐದು ಪಾಲು

"ಸರ, ಇದನ್ನ ನೀವ ಬರದೀರೇನ್ರಿ?"

ಹುಬ್ಬಳ್ಳಿಯಿಂದ ಕೆಲಸ ಮಾಡುವ ನಮ್ಮ ತಂಡದ ಸಹೋದ್ಯೋಗಿ ವಿಡಿಯೊ ಕಾಲ್‌ನಲ್ಲಿ ಹೀಗೆ ಕೇಳಿದಾಗ ನಾನು ಮಂಜಲ್‌ಪುರದ ಮನೆಯಲ್ಲಿ ಬಾಲ್ಕನಿಗೆ ಬೆನ್ನು ಮಾಡಿ ಕೂತಿದ್ದೆ. ಆಕೆ ಕೇಳಿದ್ದು ತನ್ನ ಆರು ತಿಂಗಳ ಅಪ್ರೈಸಲ್ ಬಗ್ಗೆ. ಅದರ ಕೆಳಗೆ ನನ್ನ ಹೆಸರಿತ್ತು. "ಹೌದು" ಅಂದೆ.

ಆ 'ಹೌದು' ಪೂರ್ತಿ ಸುಳ್ಳೇನಲ್ಲ. ನಮ್ಮದು ಒಂಬತ್ತು ಜನರ ತಂಡ. ನಾನು ವಡೋದರಾದಲ್ಲಿ, ಇಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಮೈಸೂರಿನಲ್ಲಿ, ನಾಲ್ವರು ಪುಣೆಯಲ್ಲಿ, ಒಬ್ಬಾತ ಪೋಲೆಂಡಿನಲ್ಲಿ. ಸರಕು ಲಾರಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನಮ್ಮ ಕೆಲಸ. ಕೋಡಿನ ಮೊದಲ ಕರಡನ್ನು ಈಗ ಹೆಚ್ಚಾಗಿ ಎಐ ಬರೆಯುತ್ತದೆ; ನಾವು ಕೇಳುತ್ತೇವೆ, ಓದುತ್ತೇವೆ, ತಿದ್ದುತ್ತೇವೆ, ಬೇಡವೆಂದರೆ ತಡೆಯುತ್ತೇವೆ. ಯಾರು ಏನು ಮಾಡಿದರು ಅನ್ನುವುದನ್ನು ವಾರವಾರ ಒಟ್ಟು ಮಾಡಿ ಹೇಳುವುದೂ ಎಐಯೇ. ಅಪ್ರೈಸಲ್ ಹೊತ್ತಿಗೆ ಆರು ತಿಂಗಳ ಟಿಕೆಟ್‌ಗಳನ್ನೆಲ್ಲ ಅದರ ಮುಂದೆ ಸುರಿದೆ. ಒಬ್ಬೊಬ್ಬರಿಗೆ ಎರಡೆರಡು ಪ್ಯಾರಾ ಬಂತು. ಓದಿದೆ, ಅಲ್ಲಲ್ಲಿ ಒಂದೆರಡು ಪದ ಬದಲಿಸಿದೆ, ಸಲ್ಲಿಸಿದೆ. ಎಂಟು ಜನರ ಆರು ತಿಂಗಳು ಒಂದೂವರೆ ಗಂಟೆಯಲ್ಲಿ ಮುಗಿದು, ಸಂಜೆ ಸೇವ್ ಉಸಳ್ ತಿನ್ನಲು ಹೋಗುವಷ್ಟು ಹೊತ್ತು ಉಳಿಯಿತು.

ಆಕೆಯ ಪ್ಯಾರಾದಲ್ಲಿ ಕೆಲಸದ ವೇಗ ತಂಡದ ಸರಾಸರಿಗಿಂತ ಕಡಿಮೆ ಎಂದಿತ್ತು. ಒಂದು ಬದಲಾವಣೆ ಆಕೆಯ ಬಳಿ ಮೂರು ದಿನ ನಿಂತಿತ್ತು ಎಂದೂ ಇತ್ತು. ಆ ಮೂರು ದಿನದ ಕಥೆ ಹೀಗೆ. ಲಾರಿಯೊಂದು ಗೋದಾಮಿನ ಮುಂದೆ ಸರಕು ಇಳಿಸಲು ಕಾಯುತ್ತ ನಿಂತರೆ ಆ ಹೊತ್ತಿಗೆ ಲಾರಿಯವರಿಗೆ ದುಡ್ಡು ಸಲ್ಲಬೇಕು. ಅದನ್ನು ಲೆಕ್ಕ ಹಾಕುವ ಕೋಡನ್ನು ಎಐ ಬರೆದಿತ್ತು. ಟೆಸ್ಟುಗಳೆಲ್ಲ ಪಾಸಾಗಿದ್ದವು. ಆದರೆ ಮಧ್ಯರಾತ್ರಿ ದಾಟಿಯೂ ನಿಂತ ಲಾರಿಗೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗುತ್ತಿತ್ತು. ಆಕೆ ಅದನ್ನು ಹಿಡಿದಳು, ಒಪ್ಪಿಗೆ ಕೊಡಲಿಲ್ಲ, ಪುಣೆಯವರ ಜೊತೆ ವಾದ ಮಾಡಿದಳು. ಟೂಲ್ ಅದನ್ನು ವಿಳಂಬ ಎಂದು ಬರೆದುಕೊಂಡಿತು. ಆಗದಂತೆ ತಡೆದ ಅನಾಹುತಕ್ಕೆ ಟಿಕೆಟ್ ಇರುವುದಿಲ್ಲವಲ್ಲ.

ಎಐ ಸುಳ್ಳು ಹೇಳಿತು ಅನ್ನಲಾರೆ. ಮೂರು ದಿನ ತಡವಾದದ್ದು ನಿಜವೇ. ನನ್ನನ್ನು ಕಾಡಿದ್ದು ನನ್ನ 'ಹೌದು'. ಯಂತ್ರ ಬರೆದ ವಾಕ್ಯಕ್ಕೆ ನಾನು ಹೆಸರು ಹಾಕಬಾರದೇ? ಗುಮಾಸ್ತ ಬರೆದ ಪತ್ರಕ್ಕೆ ಸಾಹೇಬರು ಸಹಿ ಹಾಕುತ್ತಿದ್ದ ಕಾಲದಿಂದಲೂ ಇದು ನಡೆದೇ ಇದೆ. ಹಾಗಾದರೆ ತಪ್ಪು ಎಲ್ಲಿತ್ತು?

ಇದರ ಉತ್ತರದ ಒಂದು ತುಂಡು ನನಗೆ ಸಿಕ್ಕಿದ್ದು ಅಹಮದಾಬಾದಿನಲ್ಲಿ, ಬೇರೆ ಯಾವುದೋ ಕಾರಣಕ್ಕೆ ಹೋದಾಗ. ಊರಿಂದ ದೊಡ್ಡಪ್ಪ ಬಂದಿದ್ದರು. ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಮಗ್ಗ ನೋಡಿಕೊಂಡು, ಗಿರಣಿ ಮುಚ್ಚಿದ ಮೇಲೆ ಬೀಡಾ ಅಂಗಡಿ ಇಟ್ಟವರು. ಅವರನ್ನು ಕ್ಯಾಲಿಕೊ ಮ್ಯೂಸಿಯಂಗೆ ಕರೆದೊಯ್ದೆ. ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ 1949ರಲ್ಲಿ ಕಟ್ಟಿದ ಬಟ್ಟೆಗಳ ಸಂಗ್ರಹ ಅದು. ಪಟೋಲ, ಕಲಂಕಾರಿ, ಶಾಲು ಎಲ್ಲ ನೋಡಿ ಹೊರಬಂದ ದೊಡ್ಡಪ್ಪ, "ಎಲ್ಲ ಚಲೋ ಐತಪ್ಪ. ನೇಯ್ದೋರ ಹೆಸರೊಂದು ಎಲ್ಲಿ ಬರ್ದಾರೆ?" ಅಂದರು. ಅವರನ್ನು ರೈಲು ಹತ್ತಿಸಿ ಬಂದ ಮೇಲೆ, ಆ ಕ್ಯಾಲಿಕೊ ಗಿರಣಿಯಲ್ಲಿ ನೇಯ್ದವರು ಯಾರಿದ್ದರು ಎಂದು ಹುಡುಕತೊಡಗಿದೆ. ಎ. ಕೆ. ರೈಸ್ ಎಂಬಾತ 1958ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಸಿಕ್ಕಿತು.

ರೈಸ್ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯವರು. 1953ರಲ್ಲಿ ಗೌತಮ್ ಸಾರಾಭಾಯಿಯವರ ಗಿರಣಿಗೆ ಸಲಹೆಗಾರರಾಗಿ ಬಂದರು. ಅಲ್ಲಿ ಹೊಸ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರು, ಕೆಲಸವನ್ನು ಗಡಿಯಾರ ಹಿಡಿದು ಅಳೆದು ಹಂಚಿದ್ದರು, ಆದರೂ ನೇಯ್ಗೆ ಹಳೆಯ ಮಗ್ಗಗಳಿಗಿಂತ ಸುಧಾರಿಸಿರಲಿಲ್ಲ. ಒಂದು ಶೆಡ್ಡಿನಲ್ಲಿ 224 ಮಗ್ಗ, 29 ಜನ, ಅವರಲ್ಲಿ 12 ಬಗೆಯ ಕೆಲಸ. ನೇಕಾರ ಎಂಟು ಮಂದಿ. ಮಗ್ಗಕ್ಕೆ ನೂಲಿನ ಬಾಬಿನ್ ತುಂಬುವವರು ಐವರು. ಹಾಸಿನ ಎಳೆಗಳು ಒಟ್ಟಿಗೆ ಕಡಿದಾಗ ಬಂದು ಜೋಡಿಸುವವರು ಮೂವರು. ಎಣ್ಣೆ ಬಿಡುವವನು, ಕಸ ಗುಡಿಸುವವನು, ಬಟ್ಟೆ ಹೊರುವವನು ಬೇರೆ ಬೇರೆ. ಒಬ್ಬೊಬ್ಬನ ಪಾಲಿಗೂ ಮಗ್ಗಗಳ ಸಂಖ್ಯೆ ಬೇರೆ. ಹೀಗಾಗಿ ಒಬ್ಬ ನೇಕಾರನಿಗೆ ದಕ್ಕುತ್ತಿದ್ದದ್ದು ಬಾಬಿನ್ ತುಂಬುವ ಒಬ್ಬನ ಎಂಟರಲ್ಲಿ ಐದು ಪಾಲು, ಎಳೆ ಜೋಡಿಸುವ ಒಬ್ಬನ ಎಂಟರಲ್ಲಿ ಮೂರು ಪಾಲು.

ಇದನ್ನು ಓದಿದಾಗ ನಗು ಬಂತು. ಆಮೇಲೆ ನಮ್ಮ ತಂಡದ ಹಂಚಿಕೆಯ ಪಟ್ಟಿ ತೆರೆದು ನೋಡಿದೆ. ಅಲ್ಲಿ ಹುಬ್ಬಳ್ಳಿಯವಳ ಶೇಕಡಾ 40 ಈ ಕೆಲಸಕ್ಕೆ, 35 ಇನ್ನೊಂದಕ್ಕೆ, 25 ಮತ್ತೊಂದಕ್ಕೆ ಎಂದು ನಾನೇ ತುಂಬಿದ್ದೆ.

ರೈಸ್ ಮುಂದಿಟ್ಟ ಉಪಾಯ ಸರಳ. ಮಗ್ಗಗಳನ್ನು ಗುಂಪು ಮಾಡಿ, ಒಂದೊಂದು ಗುಂಪಿನ ಪೂರ್ತಿ ಹೊಣೆಯನ್ನು ಒಂದು ಸಣ್ಣ ತಂಡಕ್ಕೆ ಬಿಡುವುದು. ಒಳಗೆ ಯಾರು ಏನು ಮಾಡಬೇಕು ಅನ್ನುವುದು ಅವರಿಗೇ ಬಿಟ್ಟದ್ದು. ಮಾತು ಕಿವಿಗೆ ಬಿದ್ದದ್ದೇ ಕಾರ್ಮಿಕರು ಅದನ್ನು ತಮ್ಮದು ಮಾಡಿಕೊಂಡು, ತಮ್ಮ ಜೊತೆಗಾರರನ್ನು ತಾವೇ ಆರಿಸಿಕೊಂಡರು. ಮೊದಮೊದಲು ಏರುಪೇರಾಯಿತು, ಆಮೇಲೆ ನೇಯ್ಗೆ ಹೆಚ್ಚಿತು, ಕೆಟ್ಟ ಬಟ್ಟೆ ಕಡಿಮೆಯಾಯಿತು. ಮಗ್ಗ ಅವೇ, ಜನ ಅವರೇ. ಹಾಗಂತ ಇದು ಸುಖಾಂತವೂ ಅಲ್ಲ. ರೈಸ್ ಅವರ ಸಹೋದ್ಯೋಗಿ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದಾಗ ಆ ವ್ಯವಸ್ಥೆ ಒಂದು ಕಡೆ ಉಳಿದಿತ್ತು, ಉಳಿದೆಡೆ ಸಡಿಲವಾಗಿತ್ತು. ಗಿರಣಿಯೂ ಈಗಿಲ್ಲ.

ಇಂಥ ಕಡೆ ಕಾಯಕ ಅನ್ನುವ ಮಾತು ತರುವುದು ನಮ್ಮವರ ರೂಢಿ. ನಾನು ತರುವುದಿಲ್ಲ. ರಾಜ್ಯೋತ್ಸವದ ಕಂಪನಿ ಮೇಲ್‌ಗಳಲ್ಲಿ ಆ ಪದವನ್ನು ಎಷ್ಟು ಸಲ ಓದಿದ್ದೇನೆಂದರೆ, ಓವರ್‌ಟೈಮ್‌ಗೆ ಅದೇ ಕನ್ನಡ ಪದವೇನೋ ಅನ್ನಿಸಿಬಿಟ್ಟಿದೆ.

ಪುಸ್ತಕ ನನಗೆ ತೋರಿಸಿದ್ದು ಬೇರೆ. ಕೆಲಸವನ್ನು ಎಂಟರಲ್ಲಿ ಐದು, ಎಂಟರಲ್ಲಿ ಮೂರು ಎಂದು ಸೀಳಿದಾಗ ಹಾಳಾಗುವುದು ವೇಗ ಮಾತ್ರ ಅಲ್ಲ. ಒಬ್ಬರ ಕೆಲಸಕ್ಕೆ ಸಾಕ್ಷಿಯಾಗಬಲ್ಲ ಇನ್ನೊಬ್ಬರು ಇಲ್ಲವಾಗುತ್ತಾರೆ. ಆ ಶೆಡ್ಡಿನಲ್ಲಾದರೂ ಮಗ್ಗ ನಿಂತರೆ ಪಕ್ಕದವನಿಗೆ ಕಾಣುತ್ತಿತ್ತು. ಹುಬ್ಬಳ್ಳಿಯಲ್ಲಿ ಒಬ್ಬಳು ರಾತ್ರಿ ಹನ್ನೊಂದಕ್ಕೆ ಕೋಡ್ ಓದುತ್ತ ಹುಬ್ಬು ಗಂಟಿಕ್ಕಿದ್ದು ಮಂಜಲ್‌ಪುರಕ್ಕೆ ಕಾಣುವುದಿಲ್ಲ. ಕಾಣದ್ದನ್ನು ಕಾಣಿಸಲೆಂದೇ ಸಾರಾಂಶ ಬರೆಯುವ ಟೂಲ್ ತಂದೆವು. ಅದು ಬಂದಮೇಲೆ, ನೋಡಬೇಕು ಅನ್ನುವ ನೆನಪೂ ನನಗೆ ಹೋಯಿತು. ಸಾಹೇಬರು ಗುಮಾಸ್ತನ ಪತ್ರಕ್ಕೆ ಸಹಿ ಹಾಕಬಹುದು, ವಿಷಯ ಸಾಹೇಬರಿಗೆ ಗೊತ್ತಿದ್ದರೆ. ನಾನು ಸಹಿ ಹಾಕಿದ್ದು ನನಗೆ ಗೊತ್ತೇ ಇರದ ವಿಷಯಕ್ಕೆ. ಅಪ್ರೈಸಲ್ ಅಂದರೆ ಒಬ್ಬ ಮನುಷ್ಯನ ಬಗ್ಗೆ 'ನಾನು ಕಂಡೆ' ಎಂದು ಹೇಳುವುದು. ಕಾಣದೆ ಹಾಗೆ ಹೇಳಿದರೆ, ವಾಕ್ಯ ಯಾರು ಬರೆದಿದ್ದರೂ ಅದು ಸುಳ್ಳುಸಾಕ್ಷಿ.

ಇದನ್ನು ಪುಣೆಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ನೀವು ಕೈಯಾರೆ ಬರೆಯುತ್ತಿದ್ದ ಕಾಲದಲ್ಲಿ ನನ್ನ ಬಗ್ಗೆ ಏನು ಬರೆದಿದ್ದಿರಿ ನೆನಪಿದೆಯಾ? ಮೀಟಿಂಗಿನಲ್ಲಿ ಇನ್ನೂ ಮಾತಾಡಬೇಕು ಅಂತ. ನನ್ನ ಇಂಗ್ಲಿಷ್ ನಿಮ್ಮಷ್ಟು ಸಲೀಸಲ್ಲ, ಅಷ್ಟೇ. ಈ ಎಐ ಬಂದ ಮೇಲೆಯೇ ನಾನು ಮಾಡಿದ ಕೆಲಸ ಮಾಡಿದ ಹಾಗೆ ಕಾಗದದ ಮೇಲೆ ಬಂದದ್ದು." ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಪೂರ್ತಿ ಹೊಳೆದಿಲ್ಲ. ನನ್ನ ಕಣ್ಣು ನೇರವಾದದ್ದೆಂದು ನಾನು ಹೇಗೆ ಹೇಳಲಿ? ಜೋರಾಗಿ ಮಾತಾಡುವವರು, ನನ್ನ ಹಾಗೆ ನಗುವವರು ನನಗೆ ಮೊದಲು ಕಾಣುತ್ತಾರೆ. ಟೂಲ್ ಎಣಿಸಿದ್ದನ್ನು ನಾನು ಎಸೆಯಬೇಕಾಗಿಲ್ಲ. ಅದು ಎಣಿಸದೆ ಬಿಟ್ಟದ್ದೇನು ಎಂದು ಆಯಾ ವ್ಯಕ್ತಿಯನ್ನೇ ಕೂರಿಸಿಕೊಂಡು ಕೇಳಬೇಕಿತ್ತು. ಒಬ್ಬರಿಗೆ ಒಂದು ಗಂಟೆಯಂತೆ ಎಂಟು ಗಂಟೆ. ಇಷ್ಟನ್ನೇ ನಾನು ಉಳಿತಾಯ ಮಾಡಿದ್ದು.

ಕೆಲಸ ಹಂಚುವ ರೀತಿಯನ್ನೂ ಸ್ವಲ್ಪ ಬದಲಿಸಿದೆವು. ಎಐ ಕೈಯಲ್ಲಿರುವಾಗ ಇಬ್ಬರು ಸೇರಿ ಬಿಲ್ಲಿಂಗಿನ ಒಂದಿಡೀ ಭಾಗವನ್ನು, ಮೊದಲ ಕರಡಿನಿಂದ ಗ್ರಾಹಕರ ಫೋನಿನ ತನಕ, ಹೊರಬಲ್ಲರು. ಅದೇ ಎಐ ಇಟ್ಟುಕೊಂಡು ನಾವು ಕೆಲಸವನ್ನು ಇನ್ನೂ ಸಣ್ಣಗೆ ಹೆಚ್ಚುತ್ತಿದ್ದೆವು. ಈಗ ಎರಡು ಭಾಗಗಳು ಹೀಗೆ ಜೋಡಿಗಳ ಕೈಯಲ್ಲಿವೆ. ಮೇಲಿನವರಿಗೆ ಇನ್ನೂ ಶೇಕಡಾವಾರು ಪಟ್ಟಿಯೇ ಬೇಕು, ಅದನ್ನೂ ತುಂಬಿ ಕಳಿಸುತ್ತೇನೆ.

ಹುಬ್ಬಳ್ಳಿಯವಳ ರೇಟಿಂಗ್ ಬದಲಾಗಲಿಲ್ಲ. ತಪ್ಪು ನನ್ನದೆಂದು ಬರೆದೆ. ಮುಂದಿನ ಆರು ತಿಂಗಳಲ್ಲಿ ನೋಡೋಣ ಎಂದು ಉತ್ತರ ಬಂತು. ಆಕೆ ಆ ಆರು ತಿಂಗಳು ಕಾಯಲಿಲ್ಲ. ಬೇರೆ ಕೆಲಸಕ್ಕೆ ಅರ್ಜಿ ಹಾಕಿ, ಶಿಫಾರಸು ಪತ್ರ ಕೊಡುತ್ತೀರಾ ಎಂದು ಕೇಳಿದಳು. ಒಂದು ಭಾನುವಾರ ಖಾಲಿ ಪುಟ ತೆರೆದು ಕೂತೆ. ಮಧ್ಯರಾತ್ರಿ ದಾಟಿದ ಲಾರಿಯ ಕಥೆ ಬರೆದೆ, ಆ ಮೂರು ದಿನ ಬರೆದೆ, ನಾನು ಅದನ್ನು ತಡವಾಗಿ ತಿಳಿದುಕೊಂಡೆ ಎಂದೂ ಬರೆದೆ. ಕಳಿಸುವಾಗ, ಇದನ್ನು ನಾನೇ ಬರೆದಿದ್ದು ಎಂದು ಒಂದು ಸಾಲು ಸೇರಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು: "ಗೊತ್ತಾತ್ರಿ ಸರ. ಎರಡ ಕಡೆ ಸ್ಪೆಲ್ಲಿಂಗ್ ತಪ್ಪ ಐತಿ."