ಕುದುರೆಯಲ್ಲ, ಕತ್ತೆಮರಿ

ಜೆಕರ್ಯ 9ನೇ ಅಧ್ಯಾಯ 9ನೇ ವಚನ ತೆಗೆಯಿರಿ. ರಾಜ ಬರ್ತಾನೆ, ಆದ್ರೆ ಯುದ್ಧದ ಕುದುರೆ ಮೇಲಲ್ಲ, ಕತ್ತೆಮರಿ ಮೇಲೆ.

ನಮ್ಮ ತಂದೆಯವರು 30 ವರ್ಷ ಬುಲೆಟ್ ಓಡಿಸಿದವರು. ಡುಗ್ ಡುಗ್ ಸದ್ದು ಕೇಳಿದ್ರೆ ಸಭೆಯ ಮಕ್ಕಳು "ತಾತ ಬಂದ್ರು" ಅಂತ ಗೇಟಿಗೆ ಓಡೋರು. ಕಳೆದ ವರ್ಷ ಸಿಗ್ನಲ್‌ನಲ್ಲಿ ನಿಂತಿದ್ದಾಗ ಮಂಡಿ ತಡೀಲಿಲ್ಲ. 160 ಕೆಜಿಗೂ ಹೆಚ್ಚು ತೂಕದ ಗಾಡಿ ವಾಲಿ ಬಿತ್ತು; ಎತ್ತೋಕೆ ಇಬ್ಬರು ಹುಡುಗರು ಬೇಕಾಯ್ತು.

ನಾನು ಸುಮಾರು 110 ಕೆಜಿಯ ಸ್ಕೂಟರ್ ತಂದುಕೊಟ್ಟೆ. ಕಿಕ್ ಹೊಡೆಯೋದು ಬೇಡ, ಗೇರ್ ಬೇಡ, ಬಟನ್ ಒತ್ತಿದ್ರೆ ಸಾಕು. ಆದ್ರೂ ನಾಲ್ಕು ಭಾನುವಾರ ಆರಾಧನೆಗೇ ಬರಲಿಲ್ಲ. ಮಂಡಿನೋವಲ್ಲ ಪ್ರಿಯರೇ, ನಾಚಿಕೆ!

ಅಮ್ಮ ಈ ವಾಕ್ಯ ಓದಿ, "ರಾಜಾಧಿರಾಜನಿಗೆ ಕತ್ತೆಮರಿ ಸಾಕಾಯ್ತು, ನಿಮಗೆ ಸ್ಕೂಟರ್ ಸಾಲಲ್ವಾ?" ಅಂದ್ರು. ಐದನೇ ಭಾನುವಾರ ಅಪ್ಪ ಬಂದ್ರು. ಹಿಂದೆ ಅಮ್ಮ, ಮುಂದೆ ಕಾಲಿಡೋ ಜಾಗದಲ್ಲಿ ಪ್ರೀತಿಭೋಜನದ ಅನ್ನದ ಪಾತ್ರೆ. ಬುಲೆಟ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ!

ಹಿರಿಯರೇ, ಮೊದಲಿನ ಬಲ ಹೋಯ್ತು ಅಂತ ಮನೇಲಿ ಕೂರಬೇಡಿ. ಕರ್ತನು ನಿಮ್ಮ ಗಾಡಿ ಬದಲಾಯಿಸಿದ್ದಾನೆ, ಕರೆಯನ್ನಲ್ಲ. ಆಮೆನ್, ಹಲ್ಲೆಲೂಯಾ!