ಬ್ಯಾಗಲ್ಲಿ ಹಿಡಿಯೋವಷ್ಟು ದನಿ

ನನ್ನ ಹತ್ತಿರ ಒಂದು ಕಾಲಕ್ಕೆ ಏಳು ಮ್ಯೂಟ್ ಇದ್ದವು. ಈಗ ನಾಲ್ಕಿವೆ. ಉಳಿದ ಮೂರನ್ನ ಮಾರಿದ್ದು ಮನೆಯಲ್ಲಿ ಜಾಗ ಇಲ್ಲ ಅಂತ ಅಲ್ಲ. ಯಾಕೆ ಅಂತ ಸರಿಯಾಗಿ ಹೇಳೋಕೆ ಹೋದರೆ ಆಫೀಸಿನ ಒಂದು ಕಾಲ್ ಬಗ್ಗೆಯೂ ಹೇಳ್ಬೇಕಾಗುತ್ತೆ. ಅದಕ್ಕೆ ಆಮೇಲೆ ಬರ್ತೀನಿ.

ನಾವೆಲ್ಲ ದಿನಕ್ಕೆ ಇಪ್ಪತ್ತು ಸಲ ಒತ್ತೋ ಮ್ಯೂಟ್ ಬಟನ್ ಅಲ್ಲ ಇದು. ಅದನ್ನ ಒತ್ತಿದರೆ ದನಿ ಹೋಗುತ್ತೆ, ಕಥೆ ಮುಗೀತು. ಟ್ರಂಪೆಟ್ಟಿನ ಮ್ಯೂಟ್ ಅಂದ್ರೆ ಅದರ ಅಗಲ ಬಾಯಿಗೆ ಸಿಕ್ಕಿಸೋ ಒಂದು ಬಿರಡೆ. ಲೋಹದ್ದು, ಫೈಬರಿಂದು, ಕೆಲವು ಸಲ ರಬ್ಬರಿಂದು. ಹಾಕಿದರೆ ದನಿ ನಿಲ್ಲಲ್ಲ, ಅದರ ಬಣ್ಣ ಬದಲಾಗುತ್ತೆ. ಫೋನಿನಲ್ಲಿ ಮಾತಾಡ್ತಾ ಇದ್ದಾಗ ಬಾಸ್ ಪಕ್ಕಕ್ಕೆ ಬಂದು ನಿಂತರೆ ನಮ್ಮ ದನಿ ಬದಲಾಗುತ್ತಲ್ಲ, ಹಾಗೆ.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ನಮ್ಮಲ್ಲಿ ಯಾರೂ ಮೆತ್ತಗೆ ಮಾತಾಡೋರಲ್ಲ. ತೆಂಗಿನ ತೋಟದ ಈ ಬದಿಯಿಂದ ಆ ಬದಿಗೆ ಮಾತು ಮುಟ್ಟಬೇಕು, ಇನ್ನೇನು ಮಾಡ್ತಾರೆ. ಮದುವೆಗೆ ಬರ್ತಿದ್ದ ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ ಪಕ್ಕದೂರಿಗೂ ಕೇಳ್ತಿತ್ತು. ಕೆಂಪು ಕೋಟಿನ ಆ ಮನುಷ್ಯನ ಮುಂದೆ ಬಾಯಿ ಬಿಟ್ಕೊಂಡು ನಿಂತು ಎಷ್ಟು ಸಲ ಊಟದ ಪಂಕ್ತಿ ತಪ್ಪಿಸ್ಕೊಂಡಿದೀನೋ. ಇಪ್ಪತ್ತೊಂಬತ್ತನೇ ವಯಸ್ಸಲ್ಲಿ, ಬೋನಸ್ ಬಂದ ತಿಂಗಳು, ಬೆಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟ್ರಂಪೆಟ್ ತಗೊಂಡೆ. ಮಿಲಿಟರಿ ಬ್ಯಾಂಡಿನಲ್ಲಿ ಊದಿ ರಿಟೈರ್ ಆದ ಒಬ್ಬರು ಮೇಷ್ಟ್ರು ಸಿಕ್ಕಿದರು. ಎರಡು ವರ್ಷ ಒಂದೇ ಸ್ವರವನ್ನ ಉದ್ದಕ್ಕೆ ಹಿಡಿಯೋದು ಬಿಟ್ಟು ಬೇರೇನೂ ಹೆಚ್ಚಾಗಿ ಕಲಿಸಲಿಲ್ಲ.

ಆಮೇಲೆ ಒಂದೊಂದೇ ಕರೆ ಬರತೊಡಗಿತು. ಡಿಸೆಂಬರಲ್ಲಿ ಚರ್ಚಿನ ಕ್ಯಾರಲ್ಸ್, ಹವ್ಯಾಸಿಗಳ ಒಂದು ಸ್ವಿಂಗ್ ಬ್ಯಾಂಡ್, ಫ್ರೆಂಡ್ ರಿಸೆಪ್ಶನ್ನು, ವರ್ಷಕ್ಕೊಮ್ಮೆ ಒಂದು ಪುಟ್ಟ ಆರ್ಕೆಸ್ಟ್ರಾ. ಪ್ರತಿ ಕಡೆಯೂ ಬೇರೆ ದನಿ ಕೇಳೋರು. ನಾನೋ, ಇಂಜಿನಿಯರ್. ಪ್ರತಿ ರಿಕ್ವೈರ್‌ಮೆಂಟಿಗೂ ಒಂದೊಂದು ಟೂಲ್ ತಗೊಂಡೆ.

ಮೊದಲು ಸ್ಟ್ರೇಟ್ ಮ್ಯೂಟ್. ಶಂಕುವಿನಾಕಾರ, ಸುತ್ತ ಮೂರು ಕಾರ್ಕ್ ಪಟ್ಟಿ, ನಡುವಿನ ಸಂದಿಯಿಂದ ಗಾಳಿ ಹೋಗುತ್ತೆ. ಆರ್ಕೆಸ್ಟ್ರಾದ ಹಾಳೆಯಲ್ಲಿ ಬೇರೇನೂ ಹೇಳದೆ ಮ್ಯೂಟ್ ಹಾಕಿ ಅಂತ ಬರೆದಿದ್ದರೆ ಇದೇ ಅಂತ ಅರ್ಥ. ದೆಬ್ಯುಸಿಯ 'ನಾಕ್ಟರ್ನ್ಸ್' ಕೃತಿಯಲ್ಲಿ 'ಫೆತ್' ಅಂತ ಒಂದು ಭಾಗ ಇದೆ, 1900ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ನುಡಿಸಿದ್ದು. ಅದರ ನಡುವೆ ಮೂರು ಟ್ರಂಪೆಟ್ ಮ್ಯೂಟ್ ಹಾಕ್ಕೊಂಡು ಬರ್ತವೆ. ಎಲ್ಲೋ ದೂರದಿಂದ ಮೆರವಣಿಗೆ ಬರ್ತಾ ಇದೆ ಅನ್ಸುತ್ತೆ, ಊದೋರು ಮಾತ್ರ ಅದೇ ವೇದಿಕೆ ಮೇಲೆ ಕೂತಿರ್ತಾರೆ. ಮೊದಲ ಸಲ ಹೆಡ್‌ಫೋನಲ್ಲಿ ಕೇಳಿದಾಗ ನಮ್ಮೂರ ತೇರು ಕೆರೆ ಏರಿ ಮೇಲೆ ತಿರುಗಿದ ಹಾಗಾಯ್ತು.

ಕಪ್ ಮ್ಯೂಟ್ ಅಂದ್ರೆ ಆ ಶಂಕುವಿನ ತುದಿಗೊಂದು ಬಟ್ಟಲು. ದನಿ ಮೆತ್ತಗೆ, ಕಂಬಳಿ ಹೊದ್ದ ಹಾಗೆ. ಯಾರಿಗೂ ತೊಂದ್ರೆ ಕೊಡದ ದನಿ. ಹಾರ್ಮನ್ ಮ್ಯೂಟಿನ ಕಾರ್ಕ್ ಸುತ್ತಲೂ ಪೂರ್ತಿ ಮುಚ್ಚಿರುತ್ತೆ, ಗಾಳಿಯೆಲ್ಲ ಅದರ ಹೊಟ್ಟೆಯೊಳಗಿಂದಲೇ ಹೋಗ್ಬೇಕು. ಡಬ್ಬಿಯಲ್ಲಿ ಸಿಕ್ಕ ಜೇನುನೊಣದ ದನಿ. ನಡುವಿನ ಕೊಳವೆ ಕಿತ್ತು, ಮೈಕಿಗೆ ಹತ್ತಿರ ಹಿಡಿದು ಊದಿದರೆ ಮೈಲ್ಸ್ ಡೇವಿಸ್ ನೆನಪಾಗ್ತಾರೆ. ಊದೋರು ನಾವೇ ಆದ್ರಿಂದ ಬರೀ ನೆನಪಾಗ್ತಾರೆ, ಅಷ್ಟೆ. ಮೈಕ್ ಇಲ್ಲದಿದ್ದರೆ ಮಾತ್ರ ಇದು ಎರಡನೇ ಸಾಲಿಗೂ ಕೇಳಲ್ಲ. ಒಂದು ಗಾರ್ಡನ್ ರಿಸೆಪ್ಶನ್ನಲ್ಲಿ ಎರಡು ಹಾಡು ಪೂರ್ತಿ ಭಾವ ತುಂಬಿ ಊದಿದೆ. ಕೇಟರಿಂಗ್ ಹುಡುಗ ಬಂದು, "ಸರ್, ಯಾವಾಗ ಶುರು ಮಾಡ್ತೀರ?" ಅಂದ.

ಪ್ಲಂಜರ್ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ಇದು ಸಂಗೀತದ ಅಂಗಡಿಯಲ್ಲಿ ಸಿಗೋದಕ್ಕಿಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಚೆನ್ನಾಗಿ ಸಿಗುತ್ತೆ. ಸಿಂಕ್ ಕಟ್ಕೊಂಡಾಗ ಒತ್ತೋ ರಬ್ಬರ್ ಬಟ್ಟಲು, ಅದೇ. ಎಡಗೈಯಲ್ಲಿ ಹಿಡಿದು ಮುಚ್ಚಿ ತೆಗೆದು ಮಾಡಿದರೆ ಟ್ರಂಪೆಟ್ ಮಾತಾಡುತ್ತೆ, ಬೈಯುತ್ತೆ, ಗೊಣಗುತ್ತೆ. ನಾನು ಟ್ರಂಪೆಟ್ ತಗೊಂಡೇ ಅಂಗಡಿಗೆ ಹೋಗಿದ್ದೆ, ಅಳತೆಗೆ. ಅಂಗಡಿಯವರು ಒಂದು ನಿಮಿಷ ಸುಮ್ಮನೆ ನೋಡಿ, "ಕೋಲು ಬೇಡ್ವಾ ಸರ್? ಬಿಟ್ರೂ ರೇಟು ಅಷ್ಟೇ" ಅಂದ್ರು.

ಹೀಗೆ ನಾಲ್ಕು. ಮೇಲೆ ಒಂದು ಬಕೆಟ್ ಮ್ಯೂಟ್, ಫೈಬರಿನ ಇನ್ನೊಂದು ಸ್ಟ್ರೇಟು, ತಾಮ್ರದ ತಳದ ಹಾರ್ಮನ್ ಜಾತಿಯದ್ದೇ ಮತ್ತೊಂದು. ಏಳಾಯ್ತು. ಮನೆಯಲ್ಲಿ ಅಭ್ಯಾಸಕ್ಕೆ ಇರೋದು ಲೆಕ್ಕಕ್ಕಿಲ್ಲ, ಅದು ಇರೋದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿಗಾಗಿ.

ಏಳನ್ನೂ ಮೇಷ್ಟ್ರ ಮುಂದೆ ಸಾಲಾಗಿ ಜೋಡಿಸಿಟ್ಟೆ. ಹೆಮ್ಮೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಅವರು ಒಂದನ್ನೂ ಮುಟ್ಟಲಿಲ್ಲ. ಫೋನಲ್ಲಿ ಟ್ಯೂನರ್ ಆನ್ ಮಾಡಿಟ್ಟು, "ಒಂದೇ ಸ್ವರ, ಏಳರಲ್ಲೂ ಊದು" ಅಂದ್ರು. ಮ್ಯೂಟ್ ಹಾಕಿದಾಗ ಶ್ರುತಿ ಸರಿಯುತ್ತೆ ಅಂತ ನನಗೆ ಗೊತ್ತಿತ್ತು. ಎಷ್ಟು ಅಂತ ಗೊತ್ತಿರಲಿಲ್ಲ. ಮುಳ್ಳು ಒಂದಕ್ಕೆ ಸ್ವಲ್ಪ ಏರಿತು, ಇನ್ನೊಂದಕ್ಕೆ ಜಾಸ್ತಿ ಏರಿತು, ಕಪ್ ಬೇರೆ ದಿಕ್ಕಿಗೇ ಎಳೀತು. ಆಮೇಲೆ ಟ್ಯೂನರ್ ಮುಚ್ಚಿಟ್ಟು ಕೇಳಿದರು: "ಈಗ ನೋಡದೆ ಹೇಳು. ಯಾವುದಕ್ಕೆ ಸ್ಲೈಡ್ ಎಷ್ಟು ಎಳೀಬೇಕು?" ಮೂರಕ್ಕೆ ಹೇಳಿದೆ. ಉಳಿದ ನಾಲ್ಕಕ್ಕೆ ತಡಬಡಾಯಿಸಿದೆ.

"ಮೂರು ನಿನ್ನವು" ಅಂದ್ರು. "ಬಾಕಿಯವು ಇನ್ನೂ ಅಂಗಡಿಯವೇ."

ಪ್ಲಂಜರನ್ನ ಆಮೇಲೆ ಕಷ್ಟಪಟ್ಟು ನಾಲ್ಕನೆಯದಾಗಿ ಉಳಿಸ್ಕೊಂಡೆ. ಬಕೆಟ್ ಬೇಕು ಅಂತ ಬರೆದಿದ್ದಾಗ ಮ್ಯೂಸಿಕ್ ಸ್ಟ್ಯಾಂಡಿನ ಹಾಳೆಗೆ ಹತ್ತಿರ ಮುಖ ಮಾಡಿ ಊದ್ತೀನಿ, ಹೆಚ್ಚುಕಮ್ಮಿ ನಡೆಯುತ್ತೆ.

ನಾನು ಅದುವರೆಗೆ ಕೇಳ್ಕೊಳ್ತಿದ್ದದ್ದು ಎಷ್ಟು ಮ್ಯೂಟ್ ಇದ್ದರೆ ಎಲ್ಲ ಕಡೆಗೂ ಸಾಕು ಅಂತ. ಮೇಷ್ಟ್ರು ಕೇಳಿದ್ದು ಎಷ್ಟು ದನಿಯನ್ನ ನೀನು ಶ್ರುತಿಯಲ್ಲಿ ಇಟ್ಕೊಬಲ್ಲೆ ಅಂತ. ಎರಡಕ್ಕೂ ಉತ್ತರ ಬೇರೆ ಬೇರೆ. ಮೈಲ್ಸ್‌ರ 'ಕೈಂಡ್ ಆಫ್ ಬ್ಲೂ', 1959ರದ್ದು, ಮತ್ತೆ ಕೇಳಿ ನೋಡಿ. 'ಸೋ ವಾಟ್'ನಲ್ಲಿ ತೆರೆದ ದನಿ, 'ಬ್ಲೂ ಇನ್ ಗ್ರೀನ್'ನಲ್ಲಿ ಹಾರ್ಮನ್. 'ಆಲ್ ಬ್ಲೂಸ್'ನಲ್ಲಿ ಹಾರ್ಮನ್ ಹಾಕ್ಕೊಂಡು ಶುರು ಮಾಡಿ, ತಮ್ಮ ಸರದಿ ಬಂದಾಗ ತೆಗೆದು ಊದ್ತಾರೆ. ಇಡೀ ಆಲ್ಬಮ್ಮಿಗೆ ಒಂದೇ ಜಾತಿಯ ಮ್ಯೂಟು.

ಇಲ್ಲಿ ಒಂದೊಂದು ಮ್ಯೂಟಿಗೆ ಒಂದೊಂದು ಸಂಬಂಧ ಜೋಡಿಸ್ತಾ ಹೋಗ್ಬೋದು. ಅಪ್ಪನ ಹತ್ತಿರ ಸ್ಟ್ರೇಟು, ಮ್ಯಾನೇಜರ್ ಹತ್ತಿರ ಕಪ್ಪು ಅಂತ. ಬೇಡ, ವಾಟ್ಸಾಪ್ ಫಾರ್ವರ್ಡ್ ಆಗ್ಬಿಡುತ್ತೆ. ಆದರೆ ಹಳ್ಳಿಯಿಂದ ಬಂದು ಕಾಚಿನ ಕಟ್ಟಡಗಳಲ್ಲಿ ಕೆಲಸಕ್ಕೆ ಕೂತ ನಮ್ಮಂಥೋರಿಗೆ ಮ್ಯೂಟ್ ಹೊಸದೇನಲ್ಲ. ಮೊದಲ ವರ್ಷವೇ ನಾನು ಒಂದಷ್ಟು ದನಿ ಕಲ್ತೆ. ಕ್ಲೈಂಟ್ ಕಾಲಿಗೆ ಒಂದು, ಎಚ್‌ಆರಿಗೆ ಒಂದು, ಕ್ಯಾಬ್ ಡ್ರೈವರಿಗೆ ಒಂದು. ಅಮ್ಮ ಫೋನಲ್ಲಿ, "ಯಾಕ್ಲಾ, ನನ್ ಜೊತೇಲೂ ಆಫೀಸ್ನೋರ್ ತರ ಮಾತಾಡ್ತೀಯ?" ಅಂದಾಗ ನಕ್ಕೆ. ಆ ನಗುವೂ ಆಫೀಸಿನದೇ ಇತ್ತು.

ಹಾಗಂತ ಊರಿನ ದನಿ ನಿಜ, ಇಲ್ಲಿಯದು ನಾಟಕ ಅಂತ ನಾನು ಒಪ್ಪಲ್ಲ. ತೆರೆದ ದನಿಯೂ ಕಲಿತದ್ದೇ, ಅದಕ್ಕೇ ಎರಡು ವರ್ಷ ಹಿಡೀತು. ನಮ್ಮೂರ ಬ್ಯಾಂಡಿನವರ ಹಾಗೆ ಚರ್ಚಿನೊಳಗೆ ಊದಿದರೆ ಹಾಡೋ ಮಕ್ಕಳ ದನಿ ಸತ್ತೇ ಹೋಗುತ್ತೆ. ಅಲ್ಲಿ ಮ್ಯೂಟ್ ಹಾಕೋದು ಅಂಜಿಕೆ ಅಲ್ಲ, ಮರ್ಯಾದೆ. ನನಗೆ ತೊಡಕಾಗಿದ್ದು ಬೇರೆ. ಮರ್ಯಾದೆ ಎಲ್ಲಿ ಮುಗಿದು ಅಂಜಿಕೆ ಎಲ್ಲಿ ಶುರುವಾಗುತ್ತೆ ಅಂತ ಊದ್ತಾ ಇರೋನಿಗೆ ಒಳಗಿಂದ ಗೊತ್ತಾಗಲ್ಲ. ಎರಡೂ ಒಂದೇ ತರ ಕೇಳುತ್ತೆ.

ಆ ಕಾಲ್ ಬಗ್ಗೆ ಹೇಳ್ತೀನಿ. ನಾನು ಆಗ ಇದ್ದ ಕಂಪನಿಯಲ್ಲಿ ಒಂದು ರಿಲೀಸ್ ಕೆಟ್ಟಿತು. ಶುಕ್ರವಾರ ರಾತ್ರಿ, ಮಾಮೂಲಿ. ಬದಲಾವಣೆ ಬರೆದದ್ದು ನಮ್ಮ ಟೀಮಿನ ಒಬ್ಬ ಹುಡುಗ, ಬೀದರ್ ಕಡೆಯವನು, ಕಾಂಟ್ರಾಕ್ಟ್ ಮೇಲೆ ಇದ್ದ. ರಿವ್ಯೂ ಮಾಡಿ ಅಪ್ರೂವ್ ಒತ್ತಿದ್ದು ನಾನು. ಟೆಸ್ಟಿಂಗಿಗೆ ಅಂತ ಇಟ್ಟಿದ್ದ ಮೂರು ದಿನ ಕಿತ್ತು ಒಂದು ದಿನ ಮಾಡಿದ್ದು ನಮ್ಮ ಮೇಲಿನವರು. ಸೋಮವಾರ ಹನ್ನೆರಡು ಜನರ ಕಾಲು. ಹುಡುಗನ ಹೆಸರು ಮೂರು ಸಲ ಬಂತು. ಕೊನೆಗೆ, "ಯಾರಾದ್ರೂ ಏನಾದ್ರೂ ಸೇರಿಸೋದಿದ್ಯಾ?" ಅಂದ್ರು.

ನಾನು ಸುಮ್ಮನಿರಲಿಲ್ಲ. ಸುಮ್ಮನಿದ್ದಿದ್ರೆ ಈಗ ಬೈದುಕೊಳ್ಳೋದು ಸುಲಭ ಆಗ್ತಿತ್ತು. ಅನ್‌ಮ್ಯೂಟ್ ಮಾಡ್ಕೊಂಡು ಮಾತಾಡಿದೆ. "ನಮ್ಮ ಪ್ರಾಸೆಸ್ಸನ್ನ ಒಟ್ಟಾರೆ ಇನ್ನೂ ಸ್ವಲ್ಪ ಇಂಪ್ರೂವ್ ಮಾಡ್ಕೊಬೋದು ಅನ್ಸುತ್ತೆ" ಅಂದೆ. ಕಂಬಳಿ ಹೊದ್ದ ದನಿ. ಎಲ್ಲರೂ "ಗುಡ್ ಪಾಯಿಂಟ್" ಅಂದ್ರು, ಕಾಲ್ ಮುಗೀತು. ಹೇಳ್ಬೇಕಿದ್ದದ್ದು "ಅಪ್ರೂವ್ ಮಾಡಿದ್ದು ನಾನು, ಟೆಸ್ಟಿಂಗಿಗೆ ದಿನ ಕೊಟ್ಟಿರಲಿಲ್ಲ" ಅಂತ. ಅದು ಬಾಯಿಗೆ ಬಂದಾಗ ಸ್ಕ್ರೀನಲ್ಲಿ ನನ್ನ ಮುಖ ಒಂದೇ ಇತ್ತು.

ಮುಂದಿನ ತಿಂಗಳು ಆ ಹುಡುಗನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ. ನಾನು ಒನ್-ಆನ್-ಒನ್‌ನಲ್ಲಿ ಮ್ಯಾನೇಜರಿಗೆ ಪೂರ್ತಿ ಹೇಳಿದೆ. ಅವರು ಕೆಟ್ಟವರೇನಲ್ಲ. "ಇದನ್ನ ಅವತ್ತೇ ಹೇಳ್ಬೇಕಿತ್ತು" ಅಂದ್ರು. ಹುಡುಗನಿಗೂ ಮೆಸೇಜ್ ಮಾಡಿ, ನಡೆದದ್ದು ಬರೆದು ಕ್ಷಮೆ ಕೇಳಿದೆ. ಅವನಿಗೆ ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿತ್ತು. ಒಂದು ಥಂಬ್ಸ್ ಅಪ್ ಕಳಿಸಿದ. ಅದನ್ನ ಯಾವ ದನಿಯಲ್ಲಿ ಓದ್ಕೊಬೇಕು ಅಂತ ಇವತ್ತಿಗೂ ಗೊತ್ತಾಗಿಲ್ಲ.

ಮಾಂಟೆವೆರ್ಡಿಯ 'ಓರ್ಫಿಯೋ' ಅಂತ 1607ರ ಒಂದು ಒಪೆರಾ. ಪರದೆ ಏಳೋ ಮುಂಚೆ ನುಡಿಸೋ ಭಾಗಕ್ಕೆ ಅಲ್ಲೊಂದು ಸೂಚನೆ ಇದೆ. ಟ್ರಂಪೆಟ್ಟಿನವರು ಮ್ಯೂಟ್ ಹಾಕ್ಕೊಂಡರೆ ಇಡೀ ಭಾಗವನ್ನ ಒಂದು ಪೂರ್ತಿ ಸ್ವರ ಮೇಲಕ್ಕೆ ನುಡಿಸ್ಬೇಕು. ಆಗಿನ ಮರದ ಮ್ಯೂಟ್ ಶ್ರುತಿಯನ್ನ ಅಷ್ಟು ಏರಿಸ್ತಿತ್ತು. ಅಂದ್ರೆ ಮ್ಯೂಟ್ ಹಾಕ್ಕೊಂಡೋರು ಇದ್ದ ಹಾಗೇ ಊದ್ತಾರೆ, ಜಾಗ ಬದಲಿಸ್ಬೇಕಾದ್ದು ಪಕ್ಕದಲ್ಲಿ ಕೂತ ಉಳಿದೋರು. ಇದನ್ನ ಓದಿದಾಗ ನನಗೆ ಸಂಗೀತದ ಇತಿಹಾಸ ನೆನಪಾಗಲಿಲ್ಲ. ಆ ಹುಡುಗ ಸಾಮಾನು ಕಟ್ಕೊಂಡು ಪಿಜಿ ಖಾಲಿ ಮಾಡಿದ್ದು ನೆನಪಾಯ್ತು.

ಮ್ಯೂಟ್ ಬಗ್ಗೆ ಯಾರೂ ಮೊದಲೇ ಹೇಳಿಕೊಡದ ವಿಷಯ ಅಂದ್ರೆ ಅದನ್ನ ತೆಗೆಯೋಕೂ ಹೊತ್ತು ಬೇಕು ಅನ್ನೋದು. ಹಾಕೋವಾಗ ಬಾಯಿಯೊಳಗೆ ಬಿಸಿ ಉಸಿರು ಬಿಟ್ಟು, ಕಾರ್ಕಿಗೆ ಸ್ವಲ್ಪ ಪಸೆ ಹತ್ತಿಸಿ, ಒಂಚೂರು ತಿರುಗಿಸಿ ಕೂರಿಸ್ತೀವಿ, ಬೀಳದೆ ಇರಲಿ ಅಂತ. ಹಾಗೆ ಭದ್ರವಾಗಿ ಕೂತದ್ದು ಬೇಗ ಬರಲ್ಲ. ಬುದ್ಧಿವಂತರು ಬರೆದ ಹಾಳೆಯಲ್ಲಿ 'ಓಪನ್' ಅನ್ನೋ ಮುಂಚೆ ಒಂದೆರಡು ಬಾರ್ ಬಿಡುವು ಕೊಟ್ಟಿರ್ತಾರೆ. ಆ ಬಿಡುವಲ್ಲಿ ಸುಮ್ಮನೆ ಕೂತರೆ ಕೆಟ್ಟೆವು. ಕೈ ಮೊದಲೇ ಬೆಲ್ ಹತ್ತಿರ ಇರ್ಬೇಕು.

ಇದಕ್ಕೆ ನಾನು ಪದೇ ಪದೇ ಕೇಳೋದು ಡ್ಯೂಕ್ ಎಲಿಂಗ್ಟನ್‌ರ 'ಕನ್ಸರ್ಟೋ ಫಾರ್ ಕೂಟಿ', 1940ರದ್ದು. ಎಲಿಂಗ್ಟನ್ ಬ್ಯಾಂಡಿನಲ್ಲಿ ಪ್ಲಂಜರ್ ಹಿಡಿದು ಗುರುಗುಟ್ಟೋ ದನಿಗೆ ಹೆಸರಾಗಿದ್ದವರು ಬಬ್ಬರ್ ಮೈಲಿ. 1929ರಲ್ಲಿ ಅವರು ಬಿಟ್ಟಾಗ ಅವರ ಜಾಗಕ್ಕೆ ಕೂಟಿ ವಿಲಿಯಮ್ಸ್ ಬಂದರು, ಆ ದನಿಯನ್ನೂ ಕಲ್ತರು. ಹನ್ನೊಂದು ವರ್ಷ ಆದ್ಮೇಲೆ ಎಲಿಂಗ್ಟನ್ ಅವರಿಗಾಗಿಯೇ ಬರೆದದ್ದು ಇದು. ಮೂರು ನಿಮಿಷದ ಸುಮಾರಿನ ರೆಕಾರ್ಡು. ಮೊದಲೆಲ್ಲ ಮ್ಯೂಟಿನೊಳಗೇ ಮಾತು, ಹತ್ತಿರ ಬಂದು ಕಿವಿಯಲ್ಲಿ ಹೇಳಿದ ಹಾಗೆ. ನಡುವೆ ಒಂದು ಕಡೆ ಎಲ್ಲ ತೆಗೆದು ಪೂರ್ತಿ ತೆರೆದ ದನಿಯಲ್ಲಿ ಏಳ್ತಾರೆ. ಆ ಎರಡು ದನಿ ಒಬ್ಬನೇ ಮನುಷ್ಯಂದು ಅಂತ ನನಗೆ ಒಂದು ಕ್ಷಣವೂ ಅನುಮಾನ ಬರಲ್ಲ. ಯಾಕೆ ಬರಲ್ಲ ಅಂತ ಎಷ್ಟೋ ಸಲ ಮೆಟ್ರೋದಲ್ಲಿ ಯೋಚ್ನೆ ಮಾಡಿದೀನಿ. ಕೊನೆಗೆ ಅವರು ವಾಪಸ್ ಮ್ಯೂಟಿಗೆ ಹೋಗ್ತಾರೆ, ಆಗಲೂ ಅನುಮಾನ ಬರಲ್ಲ.

ಈ ಶನಿವಾರ ಸ್ವಿಂಗ್ ಬ್ಯಾಂಡಿನ ಕಾರ್ಯಕ್ರಮ ಇದೆ. ಬ್ಯಾಗಿಗೆ ನಾಲ್ಕೂ ಹಾಕಿಟ್ಟಿದೀನಿ. ಒಂದು ಹಾಡಿನಲ್ಲಿ ಕಪ್ ತೆಗೆಯೋಕೆ ಅರ್ಧ ಬಾರ್ ಕೂಡ ಕೊಟ್ಟಿಲ್ಲ, ಬರೆದೋನಿಗೆ ಟ್ರಂಪೆಟ್ ಊದಿ ಗೊತ್ತಿಲ್ಲ. ಮೊನ್ನೆ ಪ್ರಾಕ್ಟೀಸಲ್ಲಿ ಗಡಿಬಿಡಿಯಲ್ಲಿ ಕಿತ್ತು, ಅದು ನೆಲಕ್ಕೆ ಬಿದ್ದು ಡ್ರಮ್ಮರ್ ಕಾಲ ಕೆಳಗೆ ಉರುಳಿ ಹೋಯ್ತು. ಲೀಡರ್ ಹತ್ತಿರ ಮಾತಾಡಿದೆ. ಆ ಸಾಲನ್ನ ಮ್ಯೂಟ್ ಇಲ್ಲದೆ, ತೆರೆದ ದನಿಯಲ್ಲೇ, ತುಂಬಾ ಮೆತ್ತಗೆ ಊದ್ತೀನಿ ಅಂತ ಒಪ್ಪಿಸಿದೀನಿ. ಒಪ್ಕೊಂಡ ಮೇಲೆ ಗೊತ್ತಾಯ್ತು, ಇದಕ್ಕಿಂತ ಕಷ್ಟದ್ದು ಟ್ರಂಪೆಟ್ಟಿನಲ್ಲಿ ಕಡಿಮೆ ಇದೆ. ತುಟಿ ಒಂಚೂರು ಸಡಿಲಾದರೆ ಬರೀ ಗಾಳಿ, ಒಂಚೂರು ಬಿಗಿಯಾದರೆ ಕಿರುಚು.

ಮ್ಯೂಟ್ ಹಾಕ್ಕೊಂಡು ಅಭ್ಯಾಸ ಮಾಡೋ ಹಾಗೂ ಇಲ್ಲ. ವಾರದಿಂದ ರಾತ್ರಿ ಒಂಬತ್ತಕ್ಕೆ ಮುಂಚೆ ಹತ್ತು ನಿಮಿಷ, ಕಿಟಕಿ ಹಾಕ್ಕೊಂಡು, ಆ ಎಂಟು ಬಾರ್ ಊದ್ತಾ ಇದೀನಿ. ಮೂರನೇ ಫ್ಲೋರಿನ ಆಂಟಿ ಇನ್ನೂ ಏನೂ ಅಂದಿಲ್ಲ.