ಗಾಲಿತ ಜಲವೂ ಕ್ಷೇತ್ರಗುಣವೂ

ಕರ್ಮವು ಉದಯಕ್ಕೆ ಬಂದು ಫಲ ಕೊಡುವುದಕ್ಕೆ ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಿಮಿತ್ತಗಳನ್ನು ಜಿನಾಗಮವು ಹೇಳುತ್ತದೆ. ಇವುಗಳಲ್ಲಿ ಕ್ಷೇತ್ರವೆಂದೊಡನೆ ಗದಗ ಸೀಮೆಯ ಶ್ರಾವಕರ ಮನಸ್ಸು ಲಕ್ಷ್ಮೇಶ್ವರದ ಶಂಖಬಸದಿಯ ಕಡೆಗೋ, ಅತ್ತಿಮಬ್ಬೆಯು 1007ರಲ್ಲಿ ಲಕ್ಕುಂಡಿಯಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಕಡೆಗೋ ಹರಿಯುವುದು ಸಹಜ. ಆದರೆ ಶಾಸ್ತ್ರವು ಹೇಳುವ ಕ್ಷೇತ್ರವು ಮನೆ ನಿಂತಿರುವ ನೆಲವೂ ಹೌದು. ಆ ನೆಲದ ಅಡಿಯ ಕಲ್ಲೂ, ಕಲ್ಲನ್ನು ತೊಳೆದು ಬಾವಿಗೆ ಬರುವ ನೀರೂ ಹೌದು. ಅಸಾತಾವೇದನೀಯ ಕರ್ಮವು ರೋಗರೂಪದಿಂದ ತೋರುವಾಗ ಈ ನೆಲಜಲಗಳನ್ನೇ ಎಷ್ಟೋ ಸಲ ಆಶ್ರಯಿಸುತ್ತದೆ.

ಪಂಡಿತ ಆಶಾಧರರು 13ನೆಯ ಶತಮಾನದ ತಮ್ಮ ಸಾಗಾರಧರ್ಮಾಮೃತದಲ್ಲಿ ಜಲಗಾಲನವನ್ನು, ಅಂದರೆ ನೀರನ್ನು ಸೋಸಿ ಬಳಸುವುದನ್ನು, ಶ್ರಾವಕನ ಮೂಲಗುಣಗಳಲ್ಲಿ ಎಣಿಸುವ ಕ್ರಮವನ್ನು ಕೊಟ್ಟಿದ್ದಾರೆ. ಇದರ ಉದ್ದೇಶ ಜೀವದಯೆ. ದೇಹರಕ್ಷಣೆಯು ಅದರ ಬೆನ್ನಿಗೆ ಬಂದ ಲಾಭ ಮಾತ್ರ. ಆ ಲಾಭವು ಎಷ್ಟು ದೊಡ್ಡದೆಂಬುದನ್ನು ನಾರುಹುಣ್ಣನ್ನು ಕಂಡ ಹಿರಿಯರು ಬಲ್ಲರು. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ಹುಳು ತಗುಲಿದವನು ಕಾಲಿಟ್ಟಾಗ ಅದರ ಮರಿಗಳು ನೀರಿಗೆ ಇಳಿಯುತ್ತಿದ್ದವು; ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಸೈಕ್ಲಾಪ್ಸ್ ಎಂಬ ಜಲಜೀವಿಯು ಅವನ್ನು ನುಂಗುತ್ತಿತ್ತು; ಸೋಸದೆ ಆ ನೀರು ಕುಡಿದವನ ಕಾಲಿನಿಂದ ಸುಮಾರು ಒಂದು ವರ್ಷದ ಅನಂತರ ಮೊಳದುದ್ದದ ಹುಳು ಹೊರಬರುತ್ತಿತ್ತು. ದಟ್ಟವಾದ ಬಟ್ಟೆಯು ಆ ಜೀವಿಯನ್ನು ತಡೆಯುತ್ತದೆ. ಭಾರತದಲ್ಲಿ ಈ ರೋಗವು ಕೊನೆಯದಾಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ದೃಢಪಡಿಸಿತು. ಆಫ್ರಿಕದ ಹಳ್ಳಿಗಳಲ್ಲಿಯೂ ಸೋಸುಬಟ್ಟೆಯನ್ನು ಹಂಚಿಯೇ ಇದನ್ನು ಹಿಮ್ಮೆಟ್ಟಿಸಲಾಯಿತು. ಶ್ರಾವಕರ ಮನೆಯ ಬಟ್ಟೆಗೆ ಜಗತ್ತು ಇಷ್ಟು ತಡವಾಗಿ ಮಣೆ ಹಾಕಿತು!

ಆದರೆ ಇದೇ ಸೀಮೆಯ ನೀರಿನಲ್ಲಿ ಇನ್ನೊಂದು ದೋಷವಿದೆ. ಅದು ಬಟ್ಟೆಗೆ ಸಿಕ್ಕುವುದಲ್ಲ. ಗ್ರಾನೈಟು ಮತ್ತು ಅದರ ಜಾತಿಯ ಗಟ್ಟಿ ಶಿಲೆಗಳಲ್ಲಿರುವ ಫ್ಲೋರೈಡ್ ಎಂಬ ಲವಣಾಂಶವು ಅಂತರ್ಜಲದಲ್ಲಿ ಮೆಲ್ಲಮೆಲ್ಲನೆ ಕರಗುತ್ತದೆ. ಮಳೆ ಕಡಿಮೆಯಾಗಿ, ನೀರು ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತಷ್ಟೂ ಅದರ ಪ್ರಮಾಣವು ಏರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮುಂಡರಗಿ ತಾಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಗಳು ಇದನ್ನು ಮೀರಿವೆ. ಶಿರಹಟ್ಟಿ, ಗದಗ ಭಾಗಗಳಲ್ಲಿಯೂ ಅಂಥವು ಉಂಟು. ಎಂಟು ವರ್ಷದೊಳಗಿನ ಮಕ್ಕಳು ಇಂಥ ನೀರು ಕುಡಿದರೆ ಒಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲಿನ ಮೇಲೆ ಸುಣ್ಣದಂಥ ಮಚ್ಚೆಗಳೂ, ತೀವ್ರವಾದರೆ ಕಂದುಗೆರೆಗಳೂ ಮೂಡುತ್ತವೆ, ಉಜ್ಜಿದರೆ ಹೋಗುವುದಿಲ್ಲ. ಹೆಚ್ಚಿನ ಪ್ರಮಾಣದಲ್ಲಿ ಹಲವು ವರ್ಷ ಕುಡಿದವರ ಕತ್ತು, ಬೆನ್ನು, ಕೀಲುಗಳು ಬಿಗಿಯುತ್ತವೆ. ಭಾರತದಲ್ಲಿ ಈ ವ್ಯಾಧಿಯು ಮೊದಲು ಗುರುತಿಸಲ್ಪಟ್ಟದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಲ್ಲಿ.

"ಸೋಸುತ್ತೇವೆ, ಕಾಯಿಸುತ್ತೇವೆ, ಮತ್ತೇನು ಭಯ?" ಎಂದು ಕೇಳುವವರುಂಟು. ಉಪ್ಪು ಕರಗಿದ ನೀರನ್ನು ಏಳು ಮಡಿಕೆ ಬಟ್ಟೆಯಲ್ಲಿ ಸೋಸಿದರೂ ಉಪ್ಪು ಹೋಗದು. ಕಾಯಿಸಿದ ನೀರು ಎಂಟು ಪ್ರಹರ ಪ್ರಾಸುಕವಾಗಿರುತ್ತದೆಂಬ ಮರ್ಯಾದೆಯು ಜೀವೋತ್ಪತ್ತಿಗೆ ಸಂಬಂಧಿಸಿದುದು, ಲವಣಕ್ಕಲ್ಲ. ಸಾರು ಬತ್ತಿದಷ್ಟೂ ಉಪ್ಪಾಗುವುದನ್ನು ಬಲ್ಲ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ರತವು ತಾನು ಹೇಳದ ಕೆಲಸವನ್ನು ಮಾಡಲಿಲ್ಲವೆಂದು ವ್ರತವನ್ನು ದೂರುವುದೂ ಸಲ್ಲದು, ಮಾಡುತ್ತದೆಂದು ನಂಬಿ ಕುಳಿತಿರುವುದೂ ಸಲ್ಲದು.

ತುಂಗಭದ್ರೆಯ ನೀರು ಇಂದು ಕೊಳವೆಗಳ ಮೂಲಕ ಈ ಜಿಲ್ಲೆಯ ಊರುಗಳಿಗೆ ಬರುತ್ತಿದೆ. ಹೊಳೆಯ ನೀರಿನಲ್ಲಿ ಈ ದೋಷವು ಸಾಮಾನ್ಯವಾಗಿ ಕಡಿಮೆ. ಆದರೆ ಸೋಸುಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಬಂದ ನೀರಿಗೇ ಮರಳಿಸಬೇಕೆಂಬ ವಿಧಿಯು ನಳದಲ್ಲಿ ನಡೆಯುವುದಿಲ್ಲವಾದ್ದರಿಂದ, ಕೆಲವು ವ್ರತಿಕರು ನಳದ ನೀರನ್ನು ತ್ಯಜಿಸಿ ಬಾವಿಯ ನೀರನ್ನೇ ಸ್ವೀಕರಿಸುತ್ತಾರೆ. ಅವರ ನಿಯಮವು ಪೂಜ್ಯವಾದುದು. ಆದರೆ ಅದೇ ಕೊಡದಿಂದ ಮನೆಯ ನಾಲ್ಕು ವರ್ಷದ ಮಗುವೂ ಕುಡಿಯುತ್ತದೆ. ಅದು ಯಾವ ವ್ರತವನ್ನೂ ಹಿಡಿದಿಲ್ಲ. ಬಾವಿಯನ್ನು ಪರೀಕ್ಷಿಸದೆ ಆ ಮಗುವಿಗೆ ನೀರು ಕೊಡುವುದು ಪ್ರಮಾದ. ಪ್ರಮಾದದಿಂದ ಆಗುವ ಪೀಡೆಯನ್ನೇ ಹಿಂಸೆಯೆಂದು ಶಾಸ್ತ್ರವು ಕರೆದಿದೆ. "ಎಲ್ಲವೂ ಕರ್ಮಾಧೀನ" ಎನ್ನುವವರು ಜ್ವರ ಬಂದಾಗ ಔಷಧವನ್ನೇಕೆ ಸೇವಿಸುತ್ತಾರೆ? ನಿಮಿತ್ತವನ್ನು ತಪ್ಪಿಸುವ ಪುರುಷಾರ್ಥವನ್ನು ಕರ್ಮಸಿದ್ಧಾಂತವು ಎಲ್ಲಿಯೂ ನಿಷೇಧಿಸಿಲ್ಲ.

ವ್ರತಿಕರ ಮನೆಗಳಲ್ಲಿ ಮಾಡಬಹುದಾದುದು ಹೆಚ್ಚಿನದೇನೂ ಅಲ್ಲ. ದಶಲಕ್ಷಣ ಪರ್ವಕ್ಕೆ ಮುಂಚೆ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಫ್ಲೋರೈಡಿನ ಅಂಕಿಯನ್ನು ತಿಳಿಯಬೇಕು. ಪಕ್ಕಪಕ್ಕದ ಎರಡು ಬಾವಿಗಳಲ್ಲಿಯೂ ಅಂಕಿ ಬೇರೆಯಾಗಿರಬಹುದು. ಆದ್ದರಿಂದ ನೆರೆಮನೆಯವರ ಫಲಿತಾಂಶವನ್ನು ನಂಬಿ ಕೂಡಬಾರದು. ಮಳೆನೀರಿನಲ್ಲಿ ಫ್ಲೋರೈಡ್ ತೀರ ಅಲ್ಪ. ಶುದ್ಧವಾದ ಮಾಳಿಗೆಯಿಂದ ಅದನ್ನು ಕೂಡಿಟ್ಟು, ಸೋಸಿ, ಕಾಯಿಸಿ ಬಳಸಬಹುದು. ಶುದ್ಧೀಕರಣ ಯಂತ್ರವಿದ್ದ ಮನೆಯಲ್ಲಿ ನೀರು ಯಂತ್ರಕ್ಕೆ ಹೋಗುವ ಮೊದಲೇ ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಗೆ ಮೆಲ್ಲನೆ ಇಳಿಸಬೇಕು. ಯಂತ್ರವು ಹೊರಹಾಕುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಹೆಚ್ಚಾಗಿರುತ್ತದೆ. ಅದು ನೆಲ ತೊಳೆಯುವುದಕ್ಕೆ ಆದೀತು. ದನಕರುಗಳ ಮುಂದೆ ಇಡತಕ್ಕದ್ದಲ್ಲ, ಅವುಗಳ ಹಲ್ಲು ಮೂಳೆಗಳಿಗೂ ಇದೇ ರೋಗ ತಗುಲುತ್ತದೆ.